ಮೂವತ್ತೈದೋ, ನಲವತ್ತೆಂಟೋ, ಎಪ್ಪತ್ತೆರಡೋ? ನಿಮ್ಮ ಸ್ಕೇಲ್ ಯಾವುದು, ಯಾಕೆ?

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿದ್ದಾಗ ಎರಡು ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಿದ್ದೆ. ಆಮೇಲೆ ಕೆಲಸ, ಮದುವೆ, ಮಗು ಅಂತ ಹತ್ತು ವರ್ಷ ಕಳೆಯಿತು. ಈಗ ಮತ್ತೆ ಕೈ ಹಾಕುತ್ತಿದ್ದೇನೆ. ಟ್ಯಾಂಕು, ಯುದ್ಧ ವಿಮಾನ, ಜೀಪು ಇವೇ ನನಗೆ ಇಷ್ಟ.

ಆಗ ಮಾಡಿದ ತಪ್ಪು ಈಗ ಮಾಡಬಾರದು. ಆಗ ಒಂದು ಮಿಗ್-21 ತಗೊಂಡಿದ್ದೆ, 1:72ರದು, ಅಂದರೆ ನಿಜದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಆಮೇಲೆ ಒಂದು ನ್ಯಾಟ್, 1:48ರದು. ಪಕ್ಕಪಕ್ಕ ಇಟ್ಟೆ. ನ್ಯಾಟ್‌ನ ರೆಕ್ಕೆ ಮಿಗ್‌ನ ರೆಕ್ಕೆಗಿಂತ ಅಗಲ! ನಿಜದಲ್ಲಿ ನ್ಯಾಟ್ ಎಷ್ಟು ಪುಟ್ಟ ವಿಮಾನ ಅಂತ ನಿಮಗೆಲ್ಲ ಗೊತ್ತು ಅಲ್ವಾ? ನೋಡಿದಾಗಲೆಲ್ಲ ಮನಸ್ಸಿಗೆ ಕಿರಿಕಿರಿ ಆಗುತ್ತಿತ್ತು. ಹಾಗಾಗಿ ಈ ಸಲ ಒಂದೇ ಸ್ಕೇಲ್ ಹಿಡಿದು ಅದರಲ್ಲೇ ಮುಂದೆ ಹೋಗಬೇಕು.

ನೀವು ಯಾವುದು ಹಿಡಿದಿರಿ? ಯಾಕೆ? ಬಾಕ್ಸ್ ತರಿಸುವ ಮೊದಲು ಕೇಳಿಕೊಳ್ಳೋಣ ಅಂತ ಬರೆದೆ.

ಚಾಳೀಸು ಕನ್ನಡಕ (ರಾಯಚೂರು)

ತಮ್ಮಾ, ನನ್ನದು ಮೂವತ್ತೈದು. ಇಪ್ಪತ್ತೆರಡು ವರ್ಷದಿಂದ ಅದೇ.

ಈ 1:35 ಎಲ್ಲಿಂದ ಬಂತು ಅಂತ ಕೇಳಿದರೆ ಆಶ್ಚರ್ಯ ಆಗುತ್ತದೆ. ಯಾರೂ ಕುಳಿತು ಲೆಕ್ಕ ಹಾಕಿ ತೆಗೆದದ್ದಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ಶಿಜುವೋಕಾದ ತಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ತಂದಿತು. ಮೋಟಾರ್ ಇಟ್ಟು ಓಡಿಸುವ ಕಿಟ್ ಅದು. ಒಳಗೆ ಬ್ಯಾಟರಿ, ಮೋಟಾರ್, ಗೇರ್ ಕೂರುವಷ್ಟು ಜಾಗ ಬಿಟ್ಟು ದೇಹ ಮಾಡಿದರು. ಆಮೇಲೆ ಅಳೆದು ನೋಡಿದರೆ 1:35 ಬಂತು. ಬ್ಯಾಟರಿ ಕೂರಿಸಲು ಹೋಗಿ ಹುಟ್ಟಿದ ಅಳತೆ ಇವತ್ತು ಪ್ರಪಂಚದ ಟ್ಯಾಂಕ್ ಕಟ್ಟುವವರ ಮುಖ್ಯ ಅಳತೆ ಆಗಿದೆ. ಅದಕ್ಕೇ ಈ ಸ್ಕೇಲ್‌ನಲ್ಲಿ ಸಿಗುವಷ್ಟು ಟ್ಯಾಂಕು, ಲಾರಿ, ಸೈನಿಕರು, ಚೀಲ, ಡ್ರಮ್ಮು ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಆದರೆ ನಾನು ಇದನ್ನು ಹಿಡಿದದ್ದು ಮನುಷ್ಯನಿಗಾಗಿ. ಐದೂಮುಕ್ಕಾಲು ಅಡಿಯ ಸೈನಿಕ ಮೂವತ್ತೈದರಲ್ಲಿ ಐದು ಸೆಂಟಿಮೀಟರ್ ನಿಲ್ಲುತ್ತಾನೆ. ಅವನಿಗೆ ಮುಖ ಇರುತ್ತದೆ. ದಣಿದಿದ್ದಾನೋ, ನಗುತ್ತಿದ್ದಾನೋ ಅಂತ ಬಣ್ಣದಲ್ಲಿ ಹೇಳಬಹುದು. ಎಪ್ಪತ್ತೆರಡರಲ್ಲಿ ಅವನು ಎರಡೂವರೆ ಸೆಂಟಿಮೀಟರ್ ಕೂಡ ಇರುವುದಿಲ್ಲ. ಮುಖ ಅಂದರೆ ಒಂದು ಜೋಳದ ಕಾಳು.

ನನಗೆ ಐವತ್ತೆಂಟು. ಚಾಳೀಸು ಬಂದು ಬಹಳ ದಿನ ಆಯಿತು. ಕಣ್ಣಿಗೂ ಇದೇ ಹಿತ.

ಶಕ್ತಿನಗರ 72 (ರಾಯಚೂರು ಜಿಲ್ಲೆ)

ಕಾಕಾ, ನಿಮ್ಮ ಮನೆಗೆ ಬಂದು ನಿಮ್ಮ ಸೆಂಚೂರಿಯನ್ ಟ್ಯಾಂಕು ನೋಡಿದವನು ನಾನು. ಆ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೂ ಹುಡುಗನಿಗೆ ನನ್ನ ಮಾತು ಎಪ್ಪತ್ತೆರಡು.

ಇದು ಲೆಕ್ಕ ಹಾಕಿ ಹುಟ್ಟಿದ ಸ್ಕೇಲ್. ಒಂದು ಇಂಚಿಗೆ ಆರು ಅಡಿ. ಆರಡಿ ಆಳು ಒಂದು ಇಂಚು. 1930ರ ದಶಕದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಅನ್ನುವ ಮರದ ವಿಮಾನದ ಕಿಟ್‌ಗಳು ಇದನ್ನು ಶುರು ಮಾಡಿದವು. ಎರಡನೇ ಮಹಾಯುದ್ಧದಲ್ಲಿ ಆಕಾಶದಲ್ಲಿ ಹೋಗುವುದು ನಮ್ಮ ವಿಮಾನವೋ ವೈರಿಯದೋ ಅಂತ ಗುರುತು ಹಿಡಿಯಲು ಕಲಿಸುವುದಕ್ಕೆ ಬಳಸಿದ ಮಾದರಿಗಳೂ ಇದೇ ಅಳತೆಯವು.

ಇದರಲ್ಲಿ ವಿಮಾನ, ಟ್ಯಾಂಕು, ಜೀಪು, ಕಾಲಾಳು, ಎಲ್ಲವೂ ಸಿಗುತ್ತವೆ. ಎಲ್ಲವೂ ಒಂದೇ ಹಲಗೆ ಮೇಲೆ ನಿಲ್ಲುತ್ತವೆ. ಮೂವತ್ತೈದರಲ್ಲಿ ಟ್ಯಾಂಕಿನ ಪಕ್ಕ ವಿಮಾನ ಇಡಬೇಕು ಅಂದರೆ ಏನು ಮಾಡುತ್ತೀರಿ? ದೊಡ್ಡ ವಿಮಾನಗಳು ಬರುವುದು 1:32ರಲ್ಲಿ. ಅದೂ ಸರಿಯಾಗಿ ಕೂರುವುದಿಲ್ಲ.

ನಮ್ಮ ಸುಖೋಯ್-30 ಸುಮಾರು 22 ಮೀಟರ್ ಉದ್ದ. ಎಪ್ಪತ್ತೆರಡರಲ್ಲಿ 30 ಸೆಂಟಿಮೀಟರ್. ನಲವತ್ತೆಂಟರಲ್ಲಿ 46. ಮೂವತ್ತೆರಡರಲ್ಲಿ 68. ಅಂಥ ನಾಲ್ಕು ವಿಮಾನ ಕಟ್ಟಿದರೆ ಮಲಗಲು ಹಾಸಿಗೆ ಎಲ್ಲಿ ಹಾಕುವುದು?

ಬಣ್ಣದ ಲೆಕ್ಕವೂ ನೋಡಿ. ಒಂದೇ ಟ್ಯಾಂಕನ್ನು ಎಪ್ಪತ್ತೆರಡರಿಂದ ಮೂವತ್ತೈದಕ್ಕೆ ತಂದರೆ ಉದ್ದ ಎರಡು ಪಟ್ಟು. ಬಣ್ಣ ಬಳಿಯುವ ಮೈ ಮಾತ್ರ ನಾಲ್ಕು ಪಟ್ಟಿಗಿಂತ ಜಾಸ್ತಿ. ಬಣ್ಣದ ಬಾಟಲಿ ಬೇಗ ಖಾಲಿ ಆಗುವುದು ಅದಕ್ಕೇ.

ಎಡದಂಡೆ ಅಕ್ಕ (ಮುನಿರಾಬಾದ್, ಕೊಪ್ಪಳ ಜಿಲ್ಲೆ)

ನಾನು ಹಡಗು ಕಟ್ಟುವವಳು. 1:700. ಶಿಜುವೋಕಾದ ಕಂಪನಿಗಳು ಸೇರಿಕೊಂಡು 1971ರಲ್ಲಿ ಶುರು ಮಾಡಿದ ವಾಟರ್‌ಲೈನ್ ಸಾಲಿನಿಂದ ಈ ಅಳತೆ ಗಟ್ಟಿಯಾಯಿತು. ಹೊಸ ವಿಕ್ರಾಂತ್ 262 ಮೀಟರ್. ಏಳುನೂರರಲ್ಲಿ 37 ಸೆಂಟಿಮೀಟರ್ ಚಿಲ್ಲರೆ. ನನಗೆ ಬೇರೆ ದಾರಿಯೇ ಇಲ್ಲ, ಹಾಗಾಗಿ ಚರ್ಚೆಯೂ ಇಲ್ಲ.

ಒಂದು ಮಾತು ಮಾತ್ರ. ನಮ್ಮಮ್ಮ ದಸರಾದಲ್ಲಿ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ಮೊಣಕಾಲೆತ್ತರ, ಪಕ್ಕದ ಶೆಟ್ಟಿ ಗೊಂಬೆ ಗೇಣುದ್ದ, ಅವನ ಅಂಗಡಿಯ ತಕ್ಕಡಿ ಹೆಬ್ಬೆರಳಿನಷ್ಟು. ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ಮೆಟ್ಟಿಲು ಬೇರೆ ಬೇರೆ ಇರುತ್ತವಲ್ಲ. ಕೌಲ್‌ಬಜಾರ್ ತಮ್ಮ, ನಿಮ್ಮ ನ್ಯಾಟ್ ಮತ್ತು ಮಿಗ್ ಒಂದೇ ಸಾಲಿನಲ್ಲಿ ಇರುವುದರಿಂದ ಕಿರಿಕಿರಿ ಆಗಿದೆ. ಬೇರೆ ಬೇರೆ ಮೆಟ್ಟಿಲಿನಲ್ಲಿ ಇಟ್ಟು ನೋಡಿ.

ಕಿನ್ನಾಳ ಬಣ್ಣ (ಕೊಪ್ಪಳ)

ಅಕ್ಕ ಹೇಳಿದ್ದು ಸರಿ. ನನ್ನ ಅನುಭವ ಸ್ವಲ್ಪ ಬೇರೆ ಕಡೆಯಿಂದ ಬಂದದ್ದು, ಹೇಳುತ್ತೇನೆ.

ನಮ್ಮ ಊರ ಪಕ್ಕ ಕಿನ್ನಾಳ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಚಿಕ್ಕಂದಿನಿಂದ ಕುಳಿತು ನೋಡಿದ್ದೇನೆ. ಹಗುರ ಮರ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ. ನಾವು ಪುಟ್ಟಿ, ಪ್ರೈಮರ್, ಬಣ್ಣ ಅಂತ ಮಾಡುವುದೂ ಅದೇ ಸಾಲು.

ಅವರ ಗೊಂಬೆಯ ಕಣ್ಣು ನೋಡಿ. ಎಷ್ಟು ದೊಡ್ಡದು, ಸುತ್ತ ಕಪ್ಪು ಗೆರೆ ಎಷ್ಟು ದಪ್ಪ! ದೂರ ನಿಂತವನಿಗೂ ಕಾಣಲಿ ಅಂತ ಹಾಗೆ ಬರೆಯುತ್ತಾರೆ. ಮಿನಿಯೇಚರ್‌ಗೂ ಇದು ಅನ್ವಯಿಸುತ್ತದೆ. ಸ್ಕೇಲ್ ಚಿಕ್ಕದಾದಷ್ಟೂ ನೆರಳು ಕಡು, ಬೆಳಕು ಬಿಳುಪು ಮಾಡಬೇಕು. ಇಲ್ಲದಿದ್ದರೆ ಎರಡು ಅಡಿ ದೂರದಿಂದ ಎಲ್ಲ ಒಂದೇ ಮಣ್ಣಿನ ಮುದ್ದೆ. ಮೈಯ ಬಣ್ಣಕ್ಕೆ ಮಾತ್ರ ಉಲ್ಟಾ. ಟ್ಯಾಂಕಿನ ಹಸಿರನ್ನು ಡಬ್ಬಿಯಲ್ಲಿದ್ದ ಹಾಗೇ ಎಪ್ಪತ್ತೆರಡಕ್ಕೆ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ಸ್ವಲ್ಪ ಬಿಳಿ ಅಥವಾ ತಿಳಿ ಹಳದಿ ಬೆರೆಸಬೇಕು. ದೂರದಿಂದ ನೋಡಿದ ದೊಡ್ಡ ವಸ್ತು ತಿಳಿಯಾಗಿ ಕಾಣುತ್ತದಲ್ಲ, ಆ ಲೆಕ್ಕ.

ಹಾಗಾಗಿ ಹುಡುಗನಿಗೆ ನನ್ನ ಪ್ರಶ್ನೆ ಇದು: ನಿಮ್ಮ ಮಾಡೆಲ್ ಅನ್ನು ನೋಡುವವರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ? ಕೈಯಲ್ಲಿ ಹಿಡಿದು ನೋಡುತ್ತಾರೋ, ಗೋಡೆಯಲ್ಲಿಟ್ಟು ನೋಡುತ್ತಾರೋ?

ನೀಲಿ ಬಟ್ಟೆ (ಬಳ್ಳಾರಿ)

ನಲವತ್ತೆಂಟರ ಪರ ಯಾರೂ ಮಾತಾಡಲಿಲ್ಲ, ಬೇಜಾರಾಯಿತು. ಒಂದು ಇಂಚಿಗೆ ನಾಲ್ಕು ಅಡಿ. ಕಾಕಪಿಟ್ ಒಳಗೆ ಮೀಟರ್‌ಗಳು ಕಾಣುತ್ತವೆ, ಆದರೂ ವಿಮಾನ ಕೈಗೆ ಭಾರ ಆಗುವುದಿಲ್ಲ. ಎಡುವಾರ್ಡ್ ಕಂಪನಿಯ 1:48 ಮಿಗ್-21 ಕಟ್ಟಿ ನೋಡಿ. ಮೈ ಮೇಲಿನ ರಿವೆಟ್ ಸಾಲು ನೋಡಿದರೇ ಖುಷಿ ಆಗುತ್ತದೆ.

ನಮ್ಮ ಮನೆಯವರದು ಜೀನ್ಸ್ ಹೊಲಿಗೆ ಕೆಲಸ. ಪ್ಯಾಂಟ್‌ಗೆ ಹಳತಾದ ಕಳೆ ಬರಿಸುವುದನ್ನು ದಿನಾ ನೋಡುತ್ತೇನೆ. ತೊಡೆ, ಮೊಣಕಾಲು, ಜೇಬಿನ ಅಂಚು, ಎಲ್ಲಿ ಮೈ ಉಜ್ಜುತ್ತದೋ ಅಲ್ಲಿ ಮಾತ್ರ ಬಣ್ಣ ಹೋಗಬೇಕು. ಎಲ್ಲ ಕಡೆ ಒಂದೇ ಸಮ ಹೋದರೆ ಅದು ಹಳೆ ಪ್ಯಾಂಟ್ ಆಗುವುದಿಲ್ಲ, ಕೆಟ್ಟ ಪ್ಯಾಂಟ್ ಆಗುತ್ತದೆ. ವಿಮಾನದಲ್ಲೂ ಪೈಲಟ್ ಏಣಿ ಹತ್ತುವ ಜಾಗ, ಮೆಕ್ಯಾನಿಕ್ ನಿಲ್ಲುವ ರೆಕ್ಕೆಯ ಬುಡ, ತೆಗೆದು ಹಾಕುವ ಮುಚ್ಚಳದ ಸುತ್ತ ಬಣ್ಣ ಸವೆಯುತ್ತದೆ. ನಲವತ್ತೆಂಟರಲ್ಲಿ ಇದನ್ನು ಸಮಾಧಾನವಾಗಿ ಮಾಡಲು ಜಾಗ ಇರುತ್ತದೆ.

ಇನ್ನು ನಮ್ಮ ಊರಿನ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದಾಗ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ. ನಾನು ಬೆಳಗ್ಗೆ ಆರರೊಳಗೆ ಬಣ್ಣದ ಕೆಲಸ ಮುಗಿಸುತ್ತೇನೆ, ಬಣ್ಣ ಬೇಗ ಒಣಗದಂತೆ ಎರಡು ಹನಿ ರಿಟಾರ್ಡರ್ ಹಾಕುತ್ತೇನೆ. ಅದಿರಿನ ಕೆಂಪು ಧೂಳು ಬೇರೆ. ಹಸಿ ಹೊಳಪಿನ ಕೋಟ್ ಮೇಲೆ ಕೂತರೆ ಮುಗಿಯಿತು. ಬಣ್ಣ ಹಾಕಿದ ಕೂಡಲೇ ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ. ಮುಗಿದ ಮಾಡೆಲ್ ಅನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬೇಡಿ. ನನ್ನ ಜಾಗ್ವಾರ್ ವಿಮಾನದ ರೆಕ್ಕೆ ಹಾಗೇ ಬಾಗಿತು. ಮತ್ತೆ ನೆಟ್ಟಗಾಗಲಿಲ್ಲ.

ಚಾಳೀಸು ಕನ್ನಡಕ (ರಾಯಚೂರು)

ಎಲ್ಲರೂ ಮಾತಾಡುತ್ತಿದ್ದೇವೆ. ಏನು ಕಟ್ಟಬೇಕು ಅಂತ ಈ ಹುಡುಗ ಹೇಳಲೇ ಇಲ್ಲ. ಅದು ಗೊತ್ತಾಗದೆ ಸ್ಕೇಲ್ ಹೇಗೆ ಹೇಳುವುದು? ತಮ್ಮಾ, ಕಣ್ಣು ಮುಚ್ಚಿದರೆ ನಿನಗೆ ಕಾಣುವ ಒಂದು ಚಿತ್ರ ಹೇಳು.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಕಾಕಾ, ಲೋಂಗೆವಾಲಾ. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಕದನ ನಡೆದ ರಾಜಸ್ಥಾನದ ಗಡಿ ಠಾಣೆ.

ನನ್ನ ಸೋದರಮಾವ ಸೇನೆಯಲ್ಲಿದ್ದರು. ಜೈಸಲ್ಮೇರ್ ಕಡೆ ಪೋಸ್ಟಿಂಗ್ ಇತ್ತು, ಯುದ್ಧ ಆಗಿ ಬಹಳ ವರ್ಷದ ಮೇಲೆ. ರಜೆಗೆ ಬಂದಾಗಲೆಲ್ಲ ನನಗೆ ಆ ಕಥೆ ಹೇಳುತ್ತಿದ್ದರು. 1971ರ ಡಿಸೆಂಬರ್ 4ರ ರಾತ್ರಿ. 23ನೇ ಪಂಜಾಬ್ ಬೆಟಾಲಿಯನ್‌ನ ಒಂದು ಕಂಪನಿ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ. ಎದುರಿಗೆ ಟ್ಯಾಂಕುಗಳ ಸಾಲು. ಹಂಟರ್ ವಿಮಾನಗಳು ರಾತ್ರಿ ಹಾರಿ ಹೊಡೆಯುವ ಹಾಗಿರಲಿಲ್ಲ. ಬೆಳಕಾಗುವ ತನಕ ಆ ಕಂಪನಿ ತಡೆದು ನಿಂತಿತು. ಬೆಳಕಾದ ಮೇಲೆ ಜೈಸಲ್ಮೇರಿನಿಂದ ಹಂಟರ್‌ಗಳು ಬಂದವು.

ವಿಮಾನದಿಂದ ತೆಗೆದ ಒಂದು ಕಪ್ಪುಬಿಳುಪು ಫೋಟೋ ಇದೆಯಲ್ಲ? ಮರಳಿನ ಮೇಲೆ ಟ್ಯಾಂಕಿನ ಚೈನ್ ಗುರುತು ಸುತ್ತಿ ಸುತ್ತಿ ಬಿದ್ದಿರುವುದು? ತಪ್ಪಿಸಿಕೊಳ್ಳಲು ಟ್ಯಾಂಕುಗಳು ಸುತ್ತು ಹಾಕಿದ ಗುರುತು. ನನಗೆ ಕಣ್ಣು ಮುಚ್ಚಿದರೆ ಕಾಣುವುದು ಅದು. ಮೇಲೆ ಒಂದು ಹಂಟರ್, ಕೆಳಗೆ ಒಂದು ಟ್ಯಾಂಕು, ಅದರ ಹಿಂದೆ ಮರಳಲ್ಲಿ ಒಂದು ಪೂರ್ತಿ ಸುತ್ತು.

ಇಡುವ ಜಾಗ ನಮ್ಮ ಹಳೇ ಮನೆಯ ಗೋಡೆಯ ಗೂಡು. ಅಗಲ 60 ಸೆಂಟಿಮೀಟರ್, ಆಳ 30, ಎತ್ತರ 45. ಕಿನ್ನಾಳದ ಅಣ್ಣ ಕೇಳಿದ್ದಕ್ಕೆ ಉತ್ತರವೂ ಅದೇ. ಮೂರು ಅಡಿ ದೂರದಿಂದ ನೋಡುತ್ತಾರೆ.

ಚಾಳೀಸು ಕನ್ನಡಕ (ರಾಯಚೂರು)

ಇದನ್ನು ಮೊದಲೇ ಹೇಳಿದ್ದರೆ ಮೂವತ್ತೈದು ಅಂತ ಬಾಯಿ ತೆರೆಯುತ್ತಿರಲಿಲ್ಲ. ಹಂಟರ್ ಹದಿನಾಲ್ಕು ಮೀಟರ್. ಮೂವತ್ತೈದರ ಲೆಕ್ಕದಲ್ಲಿ 40 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ರೆಕ್ಕೆ. ಗೂಡು ಅಲ್ಲಿಗೇ ತುಂಬಿತು.

ಒಂದು ಎಚ್ಚರಿಕೆ. ಆ ಕಡೆಯವರ ಟ್ಯಾಂಕು ಚೀನಾದ ಟಿ-59, ಅದರ ಜೊತೆ ಶರ್ಮನ್‌ಗಳು. ಟಿ-59 ಅಂದರೆ ರಷ್ಯಾದ ಟಿ-54ರ ನಕಲು, ಟಿ-55ರದ್ದಲ್ಲ. ಟಿ-55 ಕಿಟ್ ಸುಲಭವಾಗಿ ಸಿಗುತ್ತದೆ ಅಂತ ಹಾಗೇ ಕಟ್ಟಿಬಿಡಬೇಡ. ಟಿ-54ರ ಗೋಪುರದ ಮೇಲೆ ಅಣಬೆಯ ತಲೆಯಂಥ ಒಂದು ಗಾಳಿಯ ಮುಚ್ಚಳ ಇರುತ್ತದೆ. ಟಿ-55ಕ್ಕೆ ಅದು ಇಲ್ಲ. ಚಿಕ್ಕ ಭಾಗ, ಆದರೆ ಬಲ್ಲವನು ಮೊದಲು ನೋಡುವುದು ಅದನ್ನೇ. ಸ್ಪ್ರೂ, ಅಂದರೆ ಕಿಟ್‌ನ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿಯ ತುಂಡಿನ ತುದಿಯನ್ನು ಉಪ್ಪು ಕಾಗದದಲ್ಲಿ ಗುಂಡಗೆ ತಿಕ್ಕಿ ಅಂಟಿಸಿದರೆ ಸಾಕು.

ನೀಲಿ ಬಟ್ಟೆ (ಬಳ್ಳಾರಿ)

ಹಾಗಿದ್ದರೆ ನಲವತ್ತೆಂಟೇ ಸರಿ! ಏರ್‌ಫಿಕ್ಸ್ ಕಂಪನಿಯದು 1:48 ಹಂಟರ್ ಇದೆ. ತಮಿಯಾದಲ್ಲಿ 1:48 ಟಿ-55 ಇದೆ, ಕಾಕಾ ಹೇಳಿದ ಅಣಬೆ ಅಂಟಿಸಿಕೊಳ್ಳಿ. ವಿಮಾನ, ಟ್ಯಾಂಕು ಎರಡೂ ಒಂದೇ ಅಳತೆಯಲ್ಲಿ, ಮುಖವೂ ಕಾಣುತ್ತದೆ. ಮೂರೂವರೆ ಸೆಂಟಿಮೀಟರ್ ಆಳು.

ಶಕ್ತಿನಗರ 72 (ರಾಯಚೂರು ಜಿಲ್ಲೆ)

ನೀಲಿ ಬಟ್ಟೆ ಅಣ್ಣಾ, ವಿಮಾನ ಕೂರುತ್ತದೆ, ಟ್ಯಾಂಕೂ ಕೂರುತ್ತದೆ. ಆದರೆ ಹುಡುಗ ಕೇಳುತ್ತಿರುವುದು ಸುತ್ತು. ಆ ಸುತ್ತು ಕೂರುತ್ತದಾ ನೋಡಿ.

ಒಂದು ಸುತ್ತಿನ ಅಡ್ಡಳತೆ ಇಪ್ಪತ್ತು ಮೀಟರ್ ಅಂದುಕೊಳ್ಳೋಣ. ಮೂವತ್ತೈದರಲ್ಲಿ 57 ಸೆಂಟಿಮೀಟರ್. ನಲವತ್ತೆಂಟರಲ್ಲಿ 42. ಎಪ್ಪತ್ತೆರಡರಲ್ಲಿ 28. ಗೂಡಿನ ಆಳ 30.

ಚೈನ್ ಅಗಲ ಸುಮಾರು 58 ಸೆಂಟಿಮೀಟರ್. ಎಪ್ಪತ್ತೆರಡರಲ್ಲಿ ಎಂಟು ಮಿಲಿಮೀಟರ್ ಪಟ್ಟಿ. ಮೂರಡಿ ದೂರದಿಂದ ಚೆನ್ನಾಗಿ ಕಾಣುತ್ತದೆ.

ಇನ್ನೊಂದು, ಮರಳು. ಇದನ್ನು ಎಲ್ಲರೂ ತಪ್ಪು ಮಾಡುತ್ತಾರೆ. ಹೊಳೆಯ ಮರಳು ತಂದು ಸುರಿಯುತ್ತಾರೆ. ಒಂದು ಮಿಲಿಮೀಟರ್ ಕಾಳು ಎಪ್ಪತ್ತೆರಡರಲ್ಲಿ ಏಳು ಸೆಂಟಿಮೀಟರ್ ಕಲ್ಲು. ಥಾರ್ ಮರುಭೂಮಿ ಹೋಗಿ ಜಲ್ಲಿ ಹಾಸಿದ ರಸ್ತೆ ಆಗುತ್ತದೆ. ನಮ್ಮಲ್ಲಿ ಹಾರುಬೂದಿ ಇದೆ. ಥರ್ಮಲ್ ಸ್ಥಾವರದ್ದು, ಇಟ್ಟಿಗೆ ಮಾಡುವವರು ಬಳಸುವುದು. ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನುಣುಪು. ಫೆವಿಕಾಲ್, ನೀರು, ತಿಳಿ ಹಳದಿ ಮತ್ತು ಬಿಳಿ ಅಕ್ರಿಲಿಕ್ ಸೇರಿಸಿ ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಕಲಸಿ. ಅರ್ಧ ಒಣಗಿದಾಗ ಟ್ಯಾಂಕಿನ ಚೈನ್ ಒತ್ತಿ ಗುರುತು ಮೂಡಿಸಿ. ಕಲಸುವಾಗ ಮಾಸ್ಕ್ ಮಾತ್ರ ಹಾಕಿಕೊಳ್ಳಲೇಬೇಕು. ಆ ಬೂದಿ ಎದೆಗೆ ಒಳ್ಳೆಯದಲ್ಲ.

ಡಬ್ಬಿ ಮೇಲೆ 1:76 ಅಂತ ಇದ್ದರೆ ಬಿಡಿ. ಏರ್‌ಫಿಕ್ಸ್‌ನ ಹಳೇ ಟ್ಯಾಂಕುಗಳು ಆ ಅಳತೆಯವು. ಟಿ-59 ದೇಹಕ್ಕೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಒಂದೇ ಹಲಗೆಯಲ್ಲಿ ಅದು ಗೊತ್ತಾಗುತ್ತದೆ.

ಎಡದಂಡೆ ಅಕ್ಕ (ಮುನಿರಾಬಾದ್, ಕೊಪ್ಪಳ ಜಿಲ್ಲೆ)

ದುಡ್ಡು ಕೊಡುವ ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿ ತಮ್ಮ. ನಾನು ಪ್ರತಿ ಹಡಗಿಗೂ ಹಾಗೇ ಮಾಡುತ್ತೇನೆ. ನೋಟ್‌ಬುಕ್‌ನ ಹಿಂದಿನ ರಟ್ಟು ಸಾಕು. ಎರಡು ದಿನ ಅಲ್ಲೇ ಬಿಡಿ. ಹೋಗುತ್ತಾ ಬರುತ್ತಾ ಕಣ್ಣೇ ಹೇಳುತ್ತದೆ.

ಬಾಲಾಹಿಸ್ಸಾರ್ (ರಾಯಚೂರು)

ತಡವಾಗಿ ಬಂದೆ, ಕ್ಷಮಿಸಿ. ಅಳತೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು.

ನಮ್ಮ ರಾಯಚೂರು ಕೋಟೆ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಉದ್ದದ ಒಂದೇ ಕಲ್ಲು ಇದೆ. 1294ರ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದದ್ದನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ಇಷ್ಟು ದೊಡ್ಡ ಕಲ್ಲಿನ ಸಾಗಾಟವನ್ನು ಕೈ ಹರವಿನಷ್ಟು ಜಾಗದಲ್ಲಿ ತೋರಿಸಿದ್ದಾರೆ. ಏಳುನೂರು ವರ್ಷದ ಹಿಂದೆ ನಮ್ಮವರು ಮಾಡಿದ ಸ್ಕೇಲ್ ಮಾಡೆಲ್ ಅಂತಲೇ ನಾನು ಅದನ್ನು ನೋಡುವುದು.

ನಾನು ಕಟ್ಟುತ್ತಿರುವುದು 1520ರ ರಾಯಚೂರು ಕದನ. ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾ. ಆನೆ, ಕುದುರೆ, ಬಂದೂಕಿನವರು, ಫಿರಂಗಿ. ಅಷ್ಟು ಜನರನ್ನು ನಿಲ್ಲಿಸಲು ಎಪ್ಪತ್ತೆರಡು ಬಿಟ್ಟರೆ ನನಗೆ ಬೇರೆ ಗತಿ ಇಲ್ಲ. ವಿಜಯನಗರದ ಸೈನಿಕರ ಕಿಟ್ ನನಗೆ ಎಲ್ಲೂ ಸಿಗಲಿಲ್ಲ. ಬೇರೆ ಬೇರೆ ಪ್ಯಾಕಿನ ತಲೆ, ಕೈ, ಆಯುಧ ಕತ್ತರಿಸಿ ಜೋಡಿಸುತ್ತಿದ್ದೇನೆ. ಮೂರು ವರ್ಷದಲ್ಲಿ ನೂರಾ ಹತ್ತು ಜನ ಆಗಿದ್ದಾರೆ. ಮೂವತ್ತೈದರಲ್ಲಿ ಆಗಿದ್ದರೆ ಹತ್ತು ಜನ ಆಗುತ್ತಿದ್ದರು. ಆ ಹತ್ತು ಜನ ಬಹಳ ಚೆನ್ನಾಗಿರುತ್ತಿದ್ದರು, ನಿಜ. ಆದರೆ ಅದು ಕದನ ಆಗುತ್ತಿರಲಿಲ್ಲ.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಅಕ್ಕ ಹೇಳಿದ ಹಾಗೆ ಮಾಡಿದೆ. ಮೂರು ಸ್ಕೇಲ್‌ಗೂ ರಟ್ಟು ಕತ್ತರಿಸಿದೆ. ಹಂಟರ್, ಟ್ಯಾಂಕು, ಜೀಪು, ಮತ್ತೆ ನೆಲಕ್ಕೆ ಒಂದು ಗುಂಡನೆ ರಟ್ಟು.

ಮೂವತ್ತೈದರ ಟ್ಯಾಂಕನ್ನು ಒಂದೇ ಇಟ್ಟಾಗ ಗೂಡು ತುಂಬ ಚೆನ್ನಾಗಿ ಕಂಡಿತು, ಕಾಕಾ. ನಿಜ ಹೇಳುತ್ತೇನೆ, ಆಸೆ ಆಯಿತು. ಆದರೆ ಮರುಭೂಮಿ ಕಾಣಲಿಲ್ಲ. ಟ್ಯಾಂಕು ಮಾತ್ರ ಕಂಡಿತು.

ನಲವತ್ತೆಂಟರ ಹಂಟರ್ 29 ಸೆಂಟಿಮೀಟರ್ ಬಂತು. ಮೇಲೆ ದಾರದಲ್ಲಿ ಕಟ್ಟಿ ನೋಡಿದೆ. ವಿಮಾನ ಟ್ಯಾಂಕಿನ ತಲೆ ಮೇಲೇ ಕೂತಂತೆ ಇತ್ತು. ಸುತ್ತಿನ ರಟ್ಟು ಗೂಡಿನಿಂದ ಅರ್ಧ ಗೇಣು ಆಚೆ ಬಂತು.

ಎಪ್ಪತ್ತೆರಡರಲ್ಲಿ ಹಂಟರ್ 19, ಟ್ಯಾಂಕಿನ ದೇಹ 9. ಸುತ್ತು ಒಳಗೆ ಕೂತಿತು, ಎರಡು ಸೆಂಟಿಮೀಟರ್ ಉಳಿಯಿತು. ಬಲಗಡೆ ಇನ್ನೂ ಒಂದು ಅಡಿಯಷ್ಟು ಖಾಲಿ ಜಾಗ. ಮೊದಲು ಅಲ್ಲಿ ಜೀಪು ಇಡೋಣ ಅಂದುಕೊಂಡೆ. ರಟ್ಟಿನ ಜೀಪು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದೆ. ಖಾಲಿ ಇದ್ದಾಗಲೇ ಅದು ಮರುಭೂಮಿ ಅನ್ನಿಸಿತು. ಮಾವನಿಗೆ ಫೋಟೋ ಕಳಿಸಿದೆ. ರಟ್ಟಿನ ತುಂಡುಗಳು ಅಷ್ಟೇ, ಆದರೂ ಅವರು ಫೋನ್ ಮಾಡಿ, "ಆ ಖಾಲಿ ಜಾಗ ಹಾಗೇ ಇರಲಿ, ಅಲ್ಲಿ ಹಾಗೇ ಇರುತ್ತದೆ" ಅಂದರು.

ಎಪ್ಪತ್ತೆರಡಕ್ಕೆ ಹೋಗುತ್ತಿದ್ದೇನೆ. ಹಂಟರ್ ಮತ್ತು ಟಿ-54 ಆರ್ಡರ್ ಮಾಡಿದೆ.

ಚಾಳೀಸು ಕನ್ನಡಕ (ರಾಯಚೂರು)

ಸರಿಯಾಗಿ ಮಾಡಿದೆ. ಆ ಜೀಪನ್ನು ಮಾತ್ರ ಮರೆಯಬೇಡ. ಆ ಕಂಪನಿಯ ಹತ್ತಿರ ಜೀಪಿನ ಮೇಲೆ 106 ಮಿಲಿಮೀಟರ್ ತೋಪು ಇತ್ತು. ರಾತ್ರಿಯೆಲ್ಲ ತಡೆದವರು ಆ ಮನುಷ್ಯರು. ಅವರಿಗೆ ಮುಖ ಬೇಕು. ಗೂಡಿನ ಕೆಲಸ ಮುಗಿದ ಮೇಲೆ ಮೂವತ್ತೈದರಲ್ಲಿ ಬರೀ ಆ ಜೀಪು ಮತ್ತು ಅದರ ಸಿಬ್ಬಂದಿ ಕಟ್ಟೋಣ, ಇಬ್ಬರೂ ಸೇರಿ. ಹತ್ತು ಸೆಂಟಿಮೀಟರ್ ಜೀಪು, ಟೇಬಲ್ ಮೇಲೆ ಬೇರೆಯಾಗಿ ಇಡು. ಅಕ್ಕ ಹೇಳಿದ ಹಾಗೆ, ಬೇರೆ ಮೆಟ್ಟಿಲು. ಮುಖದ ಬಣ್ಣ ನಾನು ಕಲಿಸುತ್ತೇನೆ.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಖಂಡಿತ ಕಾಕಾ. ಶಕ್ತಿನಗರದ ಅಣ್ಣಾ, ಆ ಬೂದಿ ಎಷ್ಟು ಬೇಕಾಗಬಹುದು? ಹಲಗೆ 58ಕ್ಕೆ 29.

ಶಕ್ತಿನಗರ 72 (ರಾಯಚೂರು ಜಿಲ್ಲೆ)

ಎರಡು ಹಾರ್ಲಿಕ್ಸ್ ಬಾಟಲಿ ತುಂಬ ಸಾಕು. ಭಾನುವಾರ ಬಳ್ಳಾರಿಯಲ್ಲಿ ಮದುವೆ ಇದೆ, ಬರುತ್ತಿದ್ದೇನೆ. ಜರಡಿ ಹಿಡಿದೇ ತರುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಗೂಡು ನೋಡಲು ಬರಲಾ?